ಒಂದೇ ಬಾಣಲೆಯಲ್ಲಿ ಹೊಗೆಘಮದ ಕೋಳಿ ಮತ್ತು ಸಾಸೇಜ್: ಹೊಗೆಯನ್ನು ಯಾವ ಹಂತದಲ್ಲಿ ಕೊಡಬೇಕು?

ಬಾಣಲೆ ಬಂಧು, ಜಯನಗರ

ಎಲ್ಲರಿಗೂ ನಮಸ್ಕಾರ. ಕೋಳಿಯ ತೊಡೆ, ಸಾಸೇಜ್, ಆಲೂಗಡ್ಡೆ, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ ಇವಿಷ್ಟನ್ನೂ ಒಂದೇ ಬಾಣಲೆಯಲ್ಲಿ ಬೇಯಿಸಿ, ಅದೇ ಬಾಣಲೆಯನ್ನು ಊಟದ ಮೇಜಿನ ಮೇಲೆ ತಂದಿಡುವ ಸ್ಪೇನ್ ಶೈಲಿಯ ಅಡುಗೆಯನ್ನು ಬರುವ ಭಾನುವಾರ ರಾತ್ರಿ ನಾಲ್ವರಿಗಾಗಿ ಮಾಡಬೇಕೆಂದಿದ್ದೇನೆ. ಮನೆಯಲ್ಲಿ 28 ಸೆಂಟಿಮೀಟರ್ ಅಗಲದ ಎರಕದ ಕಬ್ಬಿಣದ ಬಾಣಲೆ, 30 ಲೀಟರಿನ ಓಟಿಜಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) ಮತ್ತು ಗ್ಯಾಸ್ ಒಲೆ ಇವೆ. ಗೋವಾದಿಂದ ಬಂದ ನೆಂಟರು ಕೊಟ್ಟ ಹಂದಿ ಸಾಸೇಜಿನ ಒಂದು ಸರ ಫ್ರಿಜ್ಜಿನಲ್ಲಿದೆ.

ಈ ಅಡುಗೆಯ ಜೀವಾಳವೇ ಹೊಗೆಯ ಘಮ. ಅದಕ್ಕಾಗಿ ಸ್ಮೋಕ್ಡ್ ಪ್ಯಾಪ್ರಿಕಾ, ಅಂದರೆ ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನಕಾಯಿಯ ಪುಡಿ ಹಾಕಬೇಕೆಂದು ಎಲ್ಲ ವಿಧಾನಗಳಲ್ಲೂ ಹೇಳಿರುತ್ತಾರೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಅದು ಸಿಗುತ್ತದಾದರೂ ಸಣ್ಣ ಡಬ್ಬಿಗೇ ಬೆಲೆ ಜಾಸ್ತಿ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಮತ್ತು ಕೆಂಡದ ಹೊಗೆಯಿಂದ ಆ ಘಮವನ್ನು ಪಡೆಯಬಹುದೇ, ಪಡೆಯಬಹುದಾದರೆ ಹೊಗೆಯನ್ನು ಅಡುಗೆಗೆ ಮೊದಲು ಕೊಡಬೇಕೇ ಅಥವಾ ಕೊನೆಯಲ್ಲಿ ಕೊಡಬೇಕೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಕೋಳಿಯ ಚರ್ಮ ಗರಿಗರಿಯಾಗಿಯೇ ಉಳಿಯಬೇಕು ಮತ್ತು ಆಲೂಗಡ್ಡೆ ಒಳಗಿನವರೆಗೂ ಬೆಂದಿರಬೇಕು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಇದ್ದಿಲು, ಮಲ್ಲೇಶ್ವರ

ಬಂಧು ಅವರೇ, ಹೊಗೆಯ ಘಮವನ್ನು ಹಿಡಿದಿಟ್ಟುಕೊಳ್ಳುವುದು ಕೊಬ್ಬು ಎಂಬ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಕಟ್ಟಿಗೆ ಉರಿಯುವಾಗ ಅದರಲ್ಲಿರುವ ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಮುಂತಾದ ಪದಾರ್ಥಗಳು ಹುಟ್ಟುತ್ತವೆ. ನಾವು ಹೊಗೆಯ ವಾಸನೆ ಎಂದು ಗುರುತಿಸುವುದು ಬಹುಪಾಲು ಇವುಗಳನ್ನೇ. ಇವು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬೆರೆಯುತ್ತವೆ. ಆದ್ದರಿಂದ ಸಾಸೇಜಿನಿಂದ ಇಳಿಯುವ ಕೆಂಪು ನೆಣವನ್ನು ಜಿಡ್ಡು ಹೆಚ್ಚಾಯಿತೆಂದು ಬಸಿದು ಚೆಲ್ಲಿದರೆ ಅಡುಗೆಯ ರುಚಿಯನ್ನೇ ಚೆಲ್ಲಿದಂತಾಗುತ್ತದೆ. ಮೊದಲು ಸಾಸೇಜಿನ ಕೊಬ್ಬನ್ನು ಕರಗಿಸಿಕೊಳ್ಳಿ, ಆ ಕೊಬ್ಬಿನಲ್ಲಿ ಕೋಳಿಯನ್ನು ಕೆಂಪಗೆ ಮಾಡಿ, ಅದರಲ್ಲಿಯೇ ಆಲೂಗಡ್ಡೆಯನ್ನು ಹೊರಳಿಸಿ. ಈ ಅನುಕ್ರಮವನ್ನು ಬದಲಿಸಬಾರದು.

ಪ್ಯಾಪ್ರಿಕಾ ವಿಷಯಕ್ಕೆ ಬರುತ್ತೇನೆ. ಸ್ಪೇನಿನ ಎಕ್ಸ್‌ಟ್ರಮದೂರ ಪ್ರಾಂತ್ಯದ ಲಾ ವೆರಾ ಕಣಿವೆಯಲ್ಲಿ ಮೆಣಸಿನಕಾಯಿ ಕೊಯ್ಲಿನ ಕಾಲಕ್ಕೆ ಶರತ್ಕಾಲದ ಮಳೆ ಬರುವುದರಿಂದ ಅವರು ಹಣ್ಣನ್ನು ಬಿಸಿಲಿನಲ್ಲಿ ಒಣಗಿಸದೆ, ಓಕ್ ಕಟ್ಟಿಗೆಯ ಹೊಗೆಯ ಮೇಲೆ ಸುಮಾರು ಎರಡು ವಾರ ಒಣಗಿಸಿ, ಅನಂತರ ಕಲ್ಲಿನ ಗಿರಣಿಯಲ್ಲಿ ಬೀಸುತ್ತಾರೆ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಒಣಗುವುದು ಬಿಸಿಲಿನಲ್ಲಿ. ಬಣ್ಣದಲ್ಲಿಯೂ ಹದವಾದ ಖಾರದಲ್ಲಿಯೂ ಬ್ಯಾಡಗಿ ಆ ಪುಡಿಗೆ ಹತ್ತಿರದ ಸಂಬಂಧಿಯೇ ಸರಿ, ಆದರೆ ಅದರಲ್ಲಿ ಹೊಗೆ ಇಲ್ಲ. ಆ ಕೊರತೆಯನ್ನು ನಾವು ಬೇರೆ ಕಡೆಯಿಂದ ತುಂಬಿಕೊಳ್ಳಬೇಕು.

ತುಂಬಿಕೊಳ್ಳಲು ಕೆಂಡಕ್ಕಿಂತ ಸುಲಭವಾದ ಒಂದು ದಾರಿ ನಮ್ಮ ಮಸಾಲೆ ಡಬ್ಬಿಯಲ್ಲೇ ಇದೆ. ಪಲಾವಿಗೆ ಹಾಕುವ ಕಪ್ಪು ಏಲಕ್ಕಿಯನ್ನು ಸಿಕ್ಕಿಂ ಕಡೆಯ ಬೆಳೆಗಾರರು ಸಾಂಪ್ರದಾಯಿಕವಾಗಿ ಭಟ್ಟಿಗಳಲ್ಲಿ ಕಟ್ಟಿಗೆಯ ಬೆಂಕಿಯ ಮೇಲೆ ಒಣಗಿಸುತ್ತಾರೆ. ಅದನ್ನು ಬಿಡಿಸಿ ಮೂಸಿದರೆ ಮೊದಲು ಮೂಗಿಗೆ ಬಡಿಯುವುದು ಹೊಗೆ, ಆಮೇಲೆ ಕರ್ಪೂರದಂಥ ತಂಪು. ಒಂದು ಕಿಲೋ ಕೋಳಿಗೆ ಎರಡು ಚಮಚ ಬ್ಯಾಡಗಿ ಪುಡಿ, ಒಂದೇ ಒಂದು ಕಪ್ಪು ಏಲಕ್ಕಿಯ ಬೀಜಗಳನ್ನು ಕುಟ್ಟಿದ ಪುಡಿ, ಅರ್ಧ ಚಮಚ ಹುರಿದ ಜೀರಿಗೆಯ ಪುಡಿ ಸಾಕು. ಎರಡನೆಯ ಏಲಕ್ಕಿ ಹಾಕಿದರೆ ಬಿರಿಯಾನಿಯ ವಾಸನೆ ಬರತೊಡಗುತ್ತದೆ.

ಯಾವ ಮೆಣಸಿನ ಪುಡಿಯನ್ನೇ ಬಳಸಿದರೂ ಕಾದ ಎಣ್ಣೆಗೆ ನೇರವಾಗಿ ಸುರಿಯಬೇಡಿ. ಅದರಲ್ಲಿ ಸಕ್ಕರೆಯ ಅಂಶವಿರುವುದರಿಂದ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ, ಆ ಕಹಿಯನ್ನು ಹೊಗೆಯ ರುಚಿ ಎಂದು ಜನ ತಪ್ಪು ತಿಳಿಯುತ್ತಾರೆ. ಉರಿ ಆರಿಸಿದ ಮೇಲೆ ಕೊಬ್ಬಿನಲ್ಲಿ ಕಲಸಿ ತರಕಾರಿಗೆ ಹಚ್ಚಿ.

ಶಿವಾಜಿನಗರ ಸಂತೆ

ಮಾಂಸ ಕೊಳ್ಳುವ ಬಗ್ಗೆ ಕೆಲವು ಮಾತು ಹೇಳಬೇಕೆನಿಸಿತು, ಏಕೆಂದರೆ ಈ ಅಡುಗೆ ಅರ್ಧ ಗೆಲ್ಲುವುದು ಅಂಗಡಿಯಲ್ಲಿಯೇ. ಬೆಂಗಳೂರಿನ ಕೋಳಿ ಅಂಗಡಿಗಳಲ್ಲಿ ನಾವು ಏನೂ ಹೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ. ದರದ ಫಲಕದಲ್ಲಿ ‘ವಿತ್ ಸ್ಕಿನ್’ ಮತ್ತು ‘ಸ್ಕಿನ್‌ಲೆಸ್’ ಎಂದು ಬೇರೆ ಬೇರೆ ದರ ಬರೆದಿರುತ್ತಾರೆ, ಚರ್ಮ ಸಹಿತವಾದದ್ದು ಅಗ್ಗ. ಕತ್ತರಿಸುವ ಮೊದಲೇ ‘ಸ್ಕಿನ್ ಇರಲಿ, ಲೆಗ್ ಪೀಸ್ ಮಾತ್ರ ಕೊಡಿ, ತೊಡೆಯನ್ನೂ ಕಾಲನ್ನೂ ಬೇರೆ ಮಾಡಿ, ಅದಕ್ಕಿಂತ ಸಣ್ಣದು ಬೇಡ’ ಎಂದು ಸ್ಪಷ್ಟವಾಗಿ ಹೇಳಿ. ಸಾರಿನ ತುಂಡುಗಳ ಗಾತ್ರಕ್ಕೆ ಕೊಚ್ಚಿಸಿದರೆ ಮೂಳೆಯ ಚೂರುಗಳು ಬಾಣಲೆಯಲ್ಲಿ ಹರಡಿ ಊಟಕ್ಕೆ ತೊಂದರೆಯಾಗುತ್ತದೆ, ಚರ್ಮವೂ ಮುದುಡಿಕೊಂಡು ಮಾಂಸದಿಂದ ಜಾರುತ್ತದೆ.

ನಾಲ್ವರಿಗೆ ಒಂದು ಕಿಲೋ ಲೆಗ್ ಪೀಸ್ ಸಾಕು. ಅದಕ್ಕಿಂತ ಹೆಚ್ಚು ನಿಮ್ಮ ಬಾಣಲೆಯಲ್ಲಿ ಹಿಡಿಸುವುದೂ ಇಲ್ಲ. ಎದೆಯ ಭಾಗವನ್ನು ಇದಕ್ಕೆ ತರಬೇಡಿ, ಆಲೂಗಡ್ಡೆ ಬೇಯುವಷ್ಟರಲ್ಲಿ ಅದು ನಾರಾಗಿರುತ್ತದೆ. ನಾಟಿ ಕೋಳಿಯೂ ಬೇಡ. ಸಾರಿಗೆ ಅದನ್ನು ಮೀರಿಸಿದ್ದು ಇಲ್ಲವೆಂದು ನಾನು ಒಪ್ಪುತ್ತೇನೆ, ಆದರೆ ಅದು ಮೆತ್ತಗಾಗಲು ನೀರೂ ಸಮಯವೂ ಬೇಕು. ಇಲ್ಲಿ ಎರಡೂ ಇಲ್ಲ.

ಇನ್ನೊಂದು ವಿಷಯ. ಕಣ್ಣೆದುರಿಗೇ ಕತ್ತರಿಸಿದ ಕೋಳಿಯನ್ನು ತಂದ ಕೂಡಲೇ ಬೇಯಿಸಿದರೆ ಮಾಂಸ ಬಿಗಿದುಕೊಂಡಿರುತ್ತದೆ. ಶನಿವಾರ ಸಂಜೆಯೇ ತಂದು, ಒರೆಸಿ, ಉಪ್ಪು ಸವರಿ, ತಟ್ಟೆಯಲ್ಲಿ ಚರ್ಮ ಮೇಲ್ಮುಖವಾಗಿರುವಂತೆ ಜೋಡಿಸಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಮುಚ್ಚದೆ ಇಡಿ. ಬೆಳಗಿನ ಹೊತ್ತಿಗೆ ಚರ್ಮ ಒಣಗಿ ಹಾಳೆಯಂತಾಗಿರುತ್ತದೆ, ಗರಿಗರಿಯಾಗುವುದು ಅಂಥ ಚರ್ಮವೇ. ಸಾಸೇಜಿನಲ್ಲಿ ಉಪ್ಪು ಸಾಕಷ್ಟಿರುವುದರಿಂದ ಕೋಳಿಗೆ ಒಂದು ಚಮಚ ಉಪ್ಪು ಧಾರಾಳವಾಯಿತು, ತರಕಾರಿಗೆ ಬೇರೆ ಹಾಕಬೇಡಿ.

ಕೊಡಗಿನ ಕಾಫಿ, ಆರ್.ಟಿ. ನಗರ

ಇದ್ದಿಲು ಅವರು ಹೇಳಿದ ಕೊಬ್ಬಿನ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ಕೊಡಗಿನ ಹಳೆಯ ಮನೆಗಳಲ್ಲಿ ಹಂದಿ ಮಾಂಸವನ್ನು ಉದ್ದುದ್ದವಾಗಿ ಸೀಳಿ, ಉಪ್ಪು ಅರಿಸಿನ ಹಚ್ಚಿ, ಒಲೆಯ ಮೇಲಿನ ಅಟ್ಟಕ್ಕೆ ನೇತುಹಾಕಿ ಹೊಗೆಯಲ್ಲಿ ಒಣಗಿಸುತ್ತಿದ್ದರು. ಮಳೆಗಾಲದಲ್ಲಿ ಅದನ್ನು ಕುಟ್ಟಿ ಹುರಿಯುವಾಗ ಮೊದಲು ಘಮ ಬಿಡುತ್ತಿದ್ದುದು ಅದರ ಬಿಳಿಯ ನೆಣವೇ.

ಈ ಹಿನ್ನೆಲೆಯಿಂದಲೇ ಹೇಳುತ್ತೇನೆ, ಬಾಣಲೆಯ ನಡುವೆ ಬಟ್ಟಲಿಟ್ಟು ಕೆಂಡ ಹಾಕಿ ತುಪ್ಪ ಸುರಿಯುವ ಪದ್ಧತಿ ಈ ಅಡುಗೆಗೆ ಹೊಂದುವುದಿಲ್ಲ. ಅಟ್ಟದ ಹೊಗೆ ನಿಧಾನವಾಗಿ, ತಣ್ಣಗೆ, ವಾರಗಟ್ಟಲೆ ಇಳಿಯುತ್ತದೆ. ಕೆಂಡಕ್ಕೆ ಬಿದ್ದ ತುಪ್ಪದ ಹೊಗೆ ಬೇರೆಯೇ ಜಾತಿಯದು. ಅದು ಕಟ್ಟಿಗೆಯ ಹೊಗೆಯಲ್ಲ, ಸುಟ್ಟ ಕೊಬ್ಬಿನ ಹೊಗೆ. ದಾಲ್‌ಗೂ ಕಬಾಬ್‌ಗೂ ಅದು ಸೊಗಸು. ಸಾಸೇಜಿನ ಬೆಳ್ಳುಳ್ಳಿ, ವಿನೆಗರ್, ಮೆಣಸಿನಕಾಯಿಗಳ ಜೊತೆ ಅದು ಕಾದಾಡುತ್ತದೆ. ಪ್ಯಾಪ್ರಿಕಾದ ಒಂದು ಡಬ್ಬಿ ಕೊಂಡರೆ ಹಲವು ಅಡುಗೆಗಳಿಗೆ ಬರುತ್ತದೆ, ಅದಕ್ಕೇ ಹಣ ಹಾಕಿ.

ಹುಳಿಗೆ ನಿಂಬೆಯ ಬದಲು ಕೊನೆಯಲ್ಲಿ ಕಾಲು ಚಮಚ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಬಣ್ಣದ ಗಟ್ಟಿ ಹುಳಿರಸ) ಹಾಕಿ ನೋಡಿ. ಹಂದಿಯ ಕೊಬ್ಬಿಗೆ ಅದಕ್ಕಿಂತ ಒಳ್ಳೆಯ ಜೊತೆಗಾರನಿಲ್ಲ.

ಆಹಾರ ರಸಾಯನ, ಬಸವನಗುಡಿ

ಹುಳಿಯನ್ನು ಕೊನೆಯಲ್ಲಿ ಹಾಕಬೇಕೆಂದು ಕೊಡಗಿನ ಕಾಫಿ ಅವರು ಹೇಳಿರುವುದು ಬಹಳ ಮುಖ್ಯವಾದ ಮಾತು, ಅದರ ಕಾರಣವನ್ನು ನಾನು ಸೇರಿಸುತ್ತೇನೆ. ಆಲೂಗಡ್ಡೆಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯ ಸಂಗದಲ್ಲಿ ಸುಲಭವಾಗಿ ಕರಗುವುದಿಲ್ಲ. ಗೋವಾ ಸಾಸೇಜಿನಲ್ಲಿ ವಿನೆಗರ್ ಧಾರಾಳವಾಗಿರುತ್ತದೆ. ಅದರ ಮೇಲೆ ಟೊಮೆಟೊವನ್ನೂ ಮೊದಲೇ ಹಾಕಿದರೆ ಕೋಳಿ ಬೆಂದರೂ ಆಲೂಗಡ್ಡೆ ಕಟಕಟ ಎನ್ನುತ್ತಲೇ ಇರುತ್ತದೆ. ಆದ್ದರಿಂದ ಆಲೂಗಡ್ಡೆಯನ್ನು ಎರಡು ಸೆಂಟಿಮೀಟರ್ ಗಾತ್ರಕ್ಕೆ ಹೆಚ್ಚಿ, ಉಪ್ಪು ನೀರಿನಲ್ಲಿ ಮುಕ್ಕಾಲು ಪಾಲು ಬೇಯಿಸಿ ಬಸಿದುಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ಕುದಿಯುತ್ತದೆ. ವಿದೇಶದ ವಿಧಾನಗಳಲ್ಲಿ ಎಂಟು ನಿಮಿಷ ಎಂದಿದ್ದರೆ ನಾವು ಇನ್ನೆರಡು ನಿಮಿಷ ಹೆಚ್ಚು ಕೊಡುವುದು ಒಳ್ಳೆಯದು. ಬಸಿದ ಮೇಲೆ ಪಾತ್ರೆಯನ್ನು ಒಮ್ಮೆ ಜೋರಾಗಿ ಕುಲುಕಿ, ಅಂಚುಗಳು ಒರಟಾಗಲಿ, ಕೆಂಪು ನೆಣ ಅಂಟಿಕೊಳ್ಳುವುದು ಆ ಒರಟು ಅಂಚುಗಳಿಗೇ.

ಟೊಮೆಟೊ ಬೇಡವೇ ಬೇಡ ಎಂದು ನನ್ನ ಅಭಿಪ್ರಾಯ. ಅದು ನೀರು ಬಿಡುತ್ತದೆ, ಎರಕದ ಕಬ್ಬಿಣದ ಮೇಲೆ ಪಳಗಿಸಿದ ಎಣ್ಣೆಯ ಪದರವನ್ನೂ ನಿಧಾನವಾಗಿ ತಿನ್ನುತ್ತದೆ.

ಸಾಸೇಜಿನ ಕೊಬ್ಬು ಕರಗಿಸುವಾಗ ಬರಿಯ ಬಾಣಲೆಗೆ ಹಾಕಿದರೆ ಕೊಬ್ಬು ಇಳಿಯುವ ಮೊದಲೇ ಮಸಾಲೆ ತಳ ಹಿಡಿಯುತ್ತದೆ. ತಣ್ಣನೆಯ ಬಾಣಲೆಯಲ್ಲಿ ಸಾಸೇಜ್ ಇಟ್ಟು, ಎರಡು ಚಮಚ ನೀರು ಹಾಕಿ, ಸಣ್ಣ ಉರಿಯಲ್ಲಿ ಬಿಡಿ. ಮೊದಲು ಗುಳುಗುಳು ಎಂದು ಕುದಿಯುತ್ತದೆ, ನೀರು ಆರಿದ ಕೂಡಲೇ ಸದ್ದು ಬದಲಾಗಿ ಚುರುಚುರು ಎನ್ನತೊಡಗುತ್ತದೆ. ಅಷ್ಟರಲ್ಲಿ ಬಾಣಲೆಯ ಅಂಚಿನಲ್ಲಿ ಕೆಂಪು ಎಣ್ಣೆ ನಿಂತಿರುತ್ತದೆ. ಆಗ ಸಾಸೇಜನ್ನು ತೆಗೆದು ಪಕ್ಕಕ್ಕಿಡಿ. ಗೋವಾ ಸಾಸೇಜ್ ಹಸಿ ಮಾಂಸದ್ದೆಂಬುದನ್ನು ಮರೆಯಬೇಡಿ, ಅದು ಕೊನೆಯಲ್ಲಿ ಓವನ್‌ನಲ್ಲಿಯೂ ಪೂರ್ತಿ ಬೇಯಬೇಕು.

ಅಡುಗೆಮನೆ ಅಜ್ಜಿ, ಚಾಮರಾಜಪೇಟೆ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಶಿವಾಜಿನಗರದವರು ಕೋಳಿಯನ್ನು ಒರೆಸಿ ಎಂದಿದ್ದಾರೆಯೇ ಹೊರತು ತೊಳೆಯಿರಿ ಎಂದಿಲ್ಲ. ನಮ್ಮ ಮನೆಯಲ್ಲಿ ಅರಿಸಿನ, ಕಲ್ಲುಪ್ಪು ಹಾಕಿ ಮೂರು ನೀರಿನಲ್ಲಿ ತೊಳೆಯದೆ ಬಾಡನ್ನು ಒಲೆಯ ಹತ್ತಿರಕ್ಕೂ ಬಿಡುವುದಿಲ್ಲ. ಅಂಗಡಿಯ ಮರದ ಕೊರಡಿನ ಮೇಲೆ ಕಡಿದ ಮಾಂಸವನ್ನು ತೊಳೆಯದೆ ತಿನ್ನುವುದು ಹೇಗೆ?

ಆಹಾರ ರಸಾಯನ, ಬಸವನಗುಡಿ

ಅಜ್ಜಿಯವರೇ, ನಿಮ್ಮ ಆತಂಕ ನ್ಯಾಯವಾದದ್ದೇ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ರೋಗಾಣುಗಳು ಇರುವ ಸಾಧ್ಯತೆ ಇದೆ. ನಲ್ಲಿಯ ಕೆಳಗೆ ತೊಳೆದಾಗ ಅವು ಹೋಗುವುದಿಲ್ಲ, ನೀರು ಸಿಡಿದು ಸಿಂಕಿನ ಸುತ್ತಮುತ್ತಲಿನ ಪಾತ್ರೆ, ಸೊಪ್ಪು, ಬಟ್ಟೆಗಳಿಗೆ ಹರಡುತ್ತವೆ. ಅವುಗಳನ್ನು ಕೊಲ್ಲುವುದು ಬಿಸಿ ಮಾತ್ರ, ಮಾಂಸದ ನಡುಭಾಗ 74 ಡಿಗ್ರಿ ಮುಟ್ಟಿದರೆ ಸಾಕು. ಮೂಳೆಯ ಚೂರು, ರಕ್ತದ ಕಲೆ ತೆಗೆಯಲೇಬೇಕಾದರೆ ಅಗಲವಾದ ಪಾತ್ರೆಯಲ್ಲಿ ನಿಂತ ನೀರಿಗೆ ಮೆಲ್ಲಗೆ ಅದ್ದಿ ತೆಗೆದು, ಕಾಗದದ ಕರವಸ್ತ್ರದಿಂದ ಒತ್ತಿ ಒರೆಸಿ, ಅನಂತರ ಸಿಂಕನ್ನು ಸೋಪಿನಿಂದ ತೊಳೆಯಿರಿ. ಈ ಅಡುಗೆಯಲ್ಲಿ ಚರ್ಮದ ಮೇಲೆ ನೀರಿನ ಪಸೆ ಉಳಿದರೆ ಗರಿಗರಿಯಾಗುವುದಂತೂ ಇಲ್ಲ.

ಬಾಣಲೆ ಬಂಧು, ಜಯನಗರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಆಲೂಗಡ್ಡೆ, ಸಾಸೇಜ್, ಚರ್ಮದ ವಿಷಯ ಸ್ಪಷ್ಟವಾಯಿತು. ಕೆಂಡದ ವಿಷಯದಲ್ಲಿ ಮಾತ್ರ ನನಗಿನ್ನೂ ಆಸೆ ಹೋಗಿಲ್ಲ. ನಮ್ಮ ಬೀದಿಯ ಇಸ್ತ್ರಿ ಗಾಡಿಯವರು ಈಗಲೂ ಇದ್ದಿಲನ್ನೇ ಬಳಸುತ್ತಾರೆ, ಕೇಳಿದರೆ ನಾಲ್ಕು ತುಂಡು ಕೊಡುತ್ತಾರೆ. ಆದರೆ ಕೊನೆಯಲ್ಲಿ ಕೆಂಡವಿಟ್ಟು ಮುಚ್ಚಳ ಮುಚ್ಚಿದರೆ ಒಳಗಿನ ಹಬೆಗೆ ಚರ್ಮ ಮೆತ್ತಗಾಗುವುದಿಲ್ಲವೇ?

ಇದ್ದಿಲು, ಮಲ್ಲೇಶ್ವರ

ಖಂಡಿತ ಮೆತ್ತಗಾಗುತ್ತದೆ. ಅದಕ್ಕಾಗಿಯೇ ಬೆಂದ ಕೋಳಿಗೆ ಹೊಗೆ ಕೊಡಬೇಡಿ, ಕೊಬ್ಬಿಗೆ ಕೊಡಿ. ಸಾಸೇಜಿನಿಂದ ಇಳಿದ ಕೆಂಪು ಎಣ್ಣೆಯಲ್ಲಿ ಮೂರು ಚಮಚದಷ್ಟನ್ನು ಅಗಲವಾದ ಸ್ಟೀಲ್ ಪಾತ್ರೆಗೆ ಸುರಿಯಿರಿ, ಅಗಲ ಹೆಚ್ಚಿದಷ್ಟೂ ಹೊಗೆ ತಾಗುವ ಮೈ ಹೆಚ್ಚುತ್ತದೆ. ನಡುವೆ ಸಣ್ಣ ಬಟ್ಟಲಿಟ್ಟು, ಬೂದಿ ಕಟ್ಟುವಂತೆ ಕಾದ ಒಂದು ಕೆಂಡವನ್ನು ಅದರಲ್ಲಿಡಿ. ಕೊಡಗಿನ ಕಾಫಿ ಅವರ ಆಕ್ಷೇಪ ಸರಿಯಾದದ್ದು, ತುಪ್ಪ ಸುರಿದರೆ ಬರುವುದು ಸುಟ್ಟ ಕೊಬ್ಬಿನ ವಾಸನೆ. ಹಾಗಾಗಿ ತುಪ್ಪದ ಬದಲು ಕೆಂಡದ ಮೇಲೆ ಒಣಗಿದ ಮಾವಿನ ಕಟ್ಟಿಗೆಯ ನಾಲ್ಕು ಚಕ್ಕೆಗಳನ್ನು ಹಾಕಿ. ಅವು ಉರಿ ಹತ್ತಿಕೊಳ್ಳದೆ ಹೊಗೆಯಾಡಬೇಕು. ಹೊಗೆ ಕಂಡ ಕೂಡಲೇ ಮುಚ್ಚಳ ಮುಚ್ಚಿ ನಾಲ್ಕು ನಿಮಿಷ ಬಿಡಿ. ಹೆಚ್ಚು ಹೊತ್ತು ಬಿಟ್ಟರೆ ಗಂಟಲು ಕೆರೆಯುವ ಒಗರು ಸೇರುತ್ತದೆ.

ಈ ಹೊಗೆಯೆಣ್ಣೆಯನ್ನು ಓವನ್ನಿಗೆ ಹೋಗುವ ಮೊದಲು ಹಾಕಬೇಡಿ, ಬಿಸಿಗೆ ಘಮ ಹಾರಿಹೋಗುತ್ತದೆ. ಬಾಣಲೆ ಹೊರಬಂದ ಮೇಲೆ ಆಲೂಗಡ್ಡೆಯ ಮೇಲೂ ಕೋಳಿಯ ಮೇಲೂ ಚಮಚದಿಂದ ಹನಿಸಿ. ಎಣ್ಣೆ ಚರ್ಮವನ್ನು ಮೆತ್ತಗೆ ಮಾಡುವುದಿಲ್ಲ, ಮಾಡುವುದು ನೀರು.

ಎರಡು ಎಚ್ಚರಿಕೆ ಹೇಳಲೇಬೇಕು. ಬೇಗ ಹೊತ್ತಿಕೊಳ್ಳಲೆಂದು ರಾಸಾಯನಿಕ ಸವರಿದ ಇದ್ದಿಲನ್ನು ಆಹಾರದ ಹತ್ತಿರ ತರಬಾರದು, ಮರದ್ದು ಅಥವಾ ತೆಂಗಿನ ಚಿಪ್ಪಿನದು ಒಳ್ಳೆಯದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಕಿಟಕಿ ತೆರೆದು, ಎಗ್ಸಾಸ್ಟ್ ಫ್ಯಾನ್ ಹಾಕಿ, ಸಾಧ್ಯವಾದರೆ ಬಾಲ್ಕನಿಯಲ್ಲಿಯೇ ಈ ಕೆಲಸ ಮಾಡಿ, ಮುಗಿದ ಕೂಡಲೇ ಕೆಂಡವನ್ನು ನೀರಿನಲ್ಲಿ ಮುಳುಗಿಸಿ.

ಕೊಡಗಿನ ಕಾಫಿ, ಆರ್.ಟಿ. ನಗರ

ಮಾವಿನ ಚಕ್ಕೆಯ ಹೊಗೆಯನ್ನು ಎಣ್ಣೆಗೆ ಕೊಡುವುದಾದರೆ ನನ್ನ ತಕರಾರಿಲ್ಲ. ಅದು ನಮ್ಮ ಅಟ್ಟದ ಹೊಗೆಗೆ ಹತ್ತಿರವಾದದ್ದು. ಪ್ಯಾಪ್ರಿಕಾ ಕೊಳ್ಳಿ ಎಂಬ ಸಲಹೆಯನ್ನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಎರಡರಲ್ಲಿ ಒಂದನ್ನೇ ಆರಿಸಿ. ಎರಡನ್ನೂ ಬಳಸಿದರೆ ಕೋಳಿಯ ರುಚಿ ಕಾಣೆಯಾಗುತ್ತದೆ.

ಹೊಸ ಒಲೆ, ಯಲಹಂಕ

ನಮ್ಮ ಮನೆಯಲ್ಲಿ ಹಂದಿ ಮಾಂಸ ತಿನ್ನುವುದಿಲ್ಲ, ಓವನ್ ಕೂಡ ಇಲ್ಲ. ಸೂಪರ್ ಮಾರ್ಕೆಟಿನಲ್ಲಿ ಸಿಗುವ ಚಿಕನ್ ಸಾಸೇಜ್ ಹಾಕಿ ಗ್ಯಾಸ್ ಮೇಲೆಯೇ ಇದನ್ನು ಮಾಡಲು ಸಾಧ್ಯವೇ?

ಶಿವಾಜಿನಗರ ಸಂತೆ

ಸಾಧ್ಯ, ಆದರೆ ಅನುಕ್ರಮ ತಲೆಕೆಳಗಾಗುತ್ತದೆ. ಪ್ಯಾಕೆಟ್ಟಿನ ಚಿಕನ್ ಸಾಸೇಜುಗಳಲ್ಲಿ ಹೆಚ್ಚಿನವು ಮೊದಲೇ ಬೇಯಿಸಿದವು, ಅವುಗಳಲ್ಲಿ ಕರಗಿ ಇಳಿಯುವಷ್ಟು ಕೊಬ್ಬಿಲ್ಲ. ಪ್ಯಾಕೆಟ್ಟಿನ ಮೇಲೆ ಓದಿ ಖಚಿತಪಡಿಸಿಕೊಳ್ಳಿ. ಹಾಗಾಗಿ ನಿಮಗೆ ಕೊಬ್ಬು ಬರಬೇಕಾದದ್ದು ಕೋಳಿಯ ಚರ್ಮದಿಂದ. ಒಂದು ಚಮಚ ಎಣ್ಣೆ ಸವರಿದ ತಣ್ಣನೆಯ ಬಾಣಲೆಯಲ್ಲಿ ಚರ್ಮ ಕೆಳಮುಖವಾಗಿರುವಂತೆ ತುಂಡುಗಳನ್ನಿಟ್ಟು, ನಡುಉರಿಯಲ್ಲಿ ಹನ್ನೆರಡು ಹದಿನೈದು ನಿಮಿಷ ಅಲುಗಾಡಿಸದೆ ಬಿಡಿ. ಚರ್ಮ ತಾನಾಗಿಯೇ ತಳ ಬಿಟ್ಟು ಬಂದಾಗ ತಿರುವಿ, ಸುತ್ತಲೂ ಬೇಯಿಸಿದ ಆಲೂಗಡ್ಡೆ, ಈರುಳ್ಳಿ ತುಂಬಿ, ಮುಚ್ಚಳವನ್ನು ಓರೆಯಾಗಿಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿ. ಪೂರ್ತಿ ಮುಚ್ಚಿದರೆ ಹಬೆ ಕಟ್ಟುತ್ತದೆ. ಸಾಸೇಜನ್ನು ಓರೆಯಾಗಿ ಹೆಚ್ಚಿ ಕೊನೆಯ ಐದು ನಿಮಿಷಕ್ಕೆ ಸೇರಿಸಿ. ಹೊಗೆಯೆಣ್ಣೆಗೆ ಸಾಸೇಜಿನ ಕೊಬ್ಬಿನ ಬದಲು ಕೋಳಿಯ ಕೊಬ್ಬನ್ನೇ ಬಳಸಬಹುದು.

ಆಹಾರ ರಸಾಯನ, ಬಸವನಗುಡಿ

ಬಂಧು ಅವರೇ, ಒಂದು ಮಾತು ಹೇಳಲು ಮರೆಯುವ ಮೊದಲು: ಖಾಲಿ ಬಾಣಲೆಯನ್ನು ಓಟಿಜಿಯೊಳಗಿಟ್ಟು ಬಾಗಿಲು ಮುಚ್ಚುತ್ತದೆಯೇ ಎಂದು ಇಂದೇ ನೋಡಿ. 28 ಸೆಂಟಿಮೀಟರ್ ಬಾಣಲೆಗೆ ಉದ್ದ ಹಿಡಿಯಿದ್ದರೆ ಅದು ಗಾಜಿಗೆ ತಾಗುವ ಸಂಭವವೇ ಹೆಚ್ಚು, ಕೆಲವೊಮ್ಮೆ ಮೂಲೆಯಿಂದ ಮೂಲೆಗೆ ಇಟ್ಟಾಗ ಮಾತ್ರ ಹಿಡಿಸುತ್ತದೆ. ಮೇಲಿನ ಕಾಯಿಲ್ ಹತ್ತಿರವಿರುವುದರಿಂದ ನಡುವಿನ ಅರೆಯನ್ನೇ ಬಳಸಿ. 200 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ, ಗ್ಯಾಸ್ ಮೇಲೆ ಚರ್ಮ ಕೆಂಪಾದ ಕೋಳಿಯನ್ನು ತರಕಾರಿಯ ಮೇಲೆ ಚರ್ಮ ಮೇಲ್ಮುಖವಾಗಿ ಜೋಡಿಸಿ ಇಪ್ಪತ್ತೈದರಿಂದ ಮೂವತ್ತು ನಿಮಿಷ ಬಿಡಿ. 74 ಡಿಗ್ರಿಗೆ ತೊಡೆ ಸುರಕ್ಷಿತವಾಗಿ ಬೆಂದಿರುತ್ತದೆ, 80 ದಾಟಿದರೆ ಒಳಗಿನ ನಾರು ಕರಗಿ ಮೂಳೆಯಿಂದ ಸಲೀಸಾಗಿ ಬಿಡುತ್ತದೆ. ತೊಡೆಗೆ ಆ ಹೆಚ್ಚಿನ ಬಿಸಿಯಿಂದ ನಷ್ಟವಿಲ್ಲ. ದೊಣ್ಣೆ ಮೆಣಸಿನಕಾಯಿಯನ್ನು ಕೊನೆಯ ಹತ್ತು ನಿಮಿಷಕ್ಕೆ ಹಾಕಿದರೆ ಬಣ್ಣವೂ ಉಳಿಯುತ್ತದೆ, ನೀರೂ ಬಿಡುವುದಿಲ್ಲ.

ಬಾಣಲೆ ಬಂಧು, ಜಯನಗರ

ಈಗಷ್ಟೇ ಇಟ್ಟು ನೋಡಿದೆ, ಮೂಲೆಯಿಂದ ಮೂಲೆಗೆ ಇಟ್ಟರೆ ಬಾಗಿಲು ಮುಚ್ಚುತ್ತದೆ. ಬ್ಯಾಡಗಿ ಪುಡಿ, ಒಂದು ಕಪ್ಪು ಏಲಕ್ಕಿ, ಮಾವಿನ ಚಕ್ಕೆಯ ಹೊಗೆಯೆಣ್ಣೆ, ಕೊನೆಗೆ ಕಾಚಂಪುಳಿ ಎಂದು ನಿಶ್ಚಯಿಸಿದ್ದೇನೆ. ಉಳಿದರೆ ಮರುದಿನಕ್ಕೆ ಇಡಬಹುದೇ?

ಅಡುಗೆಮನೆ ಅಜ್ಜಿ, ಚಾಮರಾಜಪೇಟೆ

ಇಡಬಹುದಮ್ಮ, ಆದರೆ ಕಬ್ಬಿಣದ ಬಾಣಲೆಯಲ್ಲಿಯೇ ಬಿಡಬೇಡ, ಹುಳಿಗೆ ಬಣ್ಣ ಕೆಡುತ್ತದೆ. ಎರಡು ಗಂಟೆಯೊಳಗೆ ಬೇರೆ ಡಬ್ಬಿಗೆ ತೆಗೆದು ಫ್ರಿಜ್ಜಿನಲ್ಲಿಡು. ಮರುದಿನ ಮಾಂಸವನ್ನು ಮೂಳೆಯಿಂದ ಬಿಡಿಸಿ, ಡಬ್ಬಿಯ ತಳದಲ್ಲಿ ಹೆಪ್ಪುಗಟ್ಟಿದ ಕೆಂಪು ನೆಣವನ್ನು ಕಾವಲಿಗೆ ಹಾಕಿ, ಅದು ಕರಗಿದ ಮೇಲೆ ಮಾಂಸ, ಆಲೂಗಡ್ಡೆ, ತಂಗಳನ್ನ ಮೂರನ್ನೂ ಸೇರಿಸಿ ಹಬೆಯಾಡುವ ತನಕ ಹುರಿ.